ವಾಹನದ ಆಸನವೂ ಮೈಲಿಗೆಯ ಮಾತೂ

ಧರ್ಮವಿಚಾರವೆಂದರೆ ಸೃಷ್ಟಿ-ಸ್ಥಿತಿ-ಲಯ, ಅಂಗ-ಲಿಂಗಗಳ ಸಾಮರಸ್ಯ ಮೊದಲಾದ ಗಹನ ವಿಷಯಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಬಹಳ ಜನ ತಿಳಿದಿದ್ದಾರೆ. ಶರಣರು ಹಾಗೆ ತಿಳಿದಿರಲಿಲ್ಲ. ಉಣ್ಣುವ ತುತ್ತು, ಉಡುವ ಬಟ್ಟೆ, ನೂಲುವ ರಾಟೆ, ಮೆಟ್ಟು ಹೊಲಿಯುವ ಉಳಿ, ಇವೆಲ್ಲವೂ ಅವರಿಗೆ ಧರ್ಮವಿಚಾರದ ಸಾಮಗ್ರಿಯೇ ಆಗಿದ್ದವು. ಆದ್ದರಿಂದ ಒಂದು ಮೋಟಾರು ವಾಹನದ ಆಸನಕ್ಕೆ ತೊಗಲು ಹೊದಿಸಬೇಕೋ ಬಟ್ಟೆ ಹೊದಿಸಬೇಕೋ ಎಂಬ ಪ್ರಶ್ನೆಯನ್ನು ಈ ಪುಟಗಳಲ್ಲಿ ಎತ್ತಿಕೊಂಡರೆ ವಾಚಕರು ನಗಲಾರರೆಂದು ನಂಬಿದ್ದೇನೆ.

ಪ್ರಸಂಗ ಹೀಗಿದೆ. ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಕೂಡಿ, ಪೂಜ್ಯರು ಹಳ್ಳಿಗಳಿಗೆ ದಯಮಾಡಿಸುವದಕ್ಕೆ ಅನುಕೂಲವಾಗಲೆಂದು ಒಂದು ವಾಹನವನ್ನು ಸಮರ್ಪಿಸಬೇಕೆಂದು ನಿಶ್ಚಯಿಸಿದೆವು. ಅದರ ಸಲುವಾಗಿ ವಿಜಯಪುರದ ಜೋರಾಪುರ ಪೇಟೆಯಲ್ಲಿ ಒಬ್ಬ ಭಕ್ತರ ಮನೆಯ ಪಡಸಾಲೆಯಲ್ಲಿ ಸಭೆ ಸೇರಿತು. ಯಾವ ವಾಹನ, ಯಾರದು ಎಷ್ಟು ವಂತಿಗೆ ಎಂಬುದು ಅರ್ಧ ತಾಸಿನಲ್ಲಿ ಮುಗಿಯಿತು. ಆಸನದ ಮಾತು ಬಂದಾಗ ಮಾತ್ರ ಸಭೆ ಬೆಳೆಯಿತು. ಕಂಪನಿಯವರು ಕಡಿಮೆ ಬೆಲೆಯ ಗಾಡಿಗೆ ಬಟ್ಟೆಯ ಆಸನವನ್ನೂ ಹೆಚ್ಚಿನ ಬೆಲೆಯ ಗಾಡಿಗೆ ತೊಗಲಿನ ಆಸನವನ್ನೂ ಕೊಡುತ್ತಾರೆ. ಯಾವುದನ್ನು ಆರಿಸಬೇಕು?

ವ್ಯಾಪಾರಸ್ಥರಾದ ಒಬ್ಬ ತರುಣರು, ಗುರುಗಳ ವಾಹನಕ್ಕೆ ತೊಗಲಿನ ಆಸನವೇ ಶೋಭೆಯೆಂದರು. ಬಬಲೇಶ್ವರದ ಕಡೆಯ ಒಕ್ಕಲುತನದವರೊಬ್ಬರು, ನಮ್ಮ ಬಿಸಿಲಿಗೆ ತೊಗಲು ಸುಡುತ್ತದೆ, ಬಟ್ಟೆಯೇ ಲೇಸೆಂದರು. ಆಗ ಹಿರಿಯರೊಬ್ಬರು ನಡುವೆ ಬಂದು, "ಬಿಸಲಿನ ಮಾತ ಬಿಡ್ರಿ. ತೊಗಲು ಅಂದ್ರ ಮೈಲಿಗಿ. ಲಿಂಗ ಕಟ್ಟಿದ ಮೈ ಅದರ ಮ್ಯಾಲ ಹ್ಯಾಂಗ ಕೂಡಬೇಕು?" ಎಂದರು. ಎಲ್ಲರೂ ತಲೆದೂಗಿದರು. ಠರಾವು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. "ತೊಗಲು ಮೈಲಿಗೆಯಾದ ಕಾರಣ ಬಟ್ಟೆಯ ಆಸನವುಳ್ಳ ವಾಹನವನ್ನು ಕೊಳ್ಳತಕ್ಕದ್ದು" ಎಂದು ನಾನೇ ನನ್ನ ಕೈಯಾರ ಬರೆದೆನು.

ಅದೇ ಪಡಸಾಲೆಯ ಮೂಲೆಯಲ್ಲಿ ನನ್ನ ಸಹಪಾಠಿಯೊಬ್ಬರು ಕುಳಿತಿದ್ದರು. ಈಗ ನಿವೃತ್ತ ಮಾಸ್ತರರು. ಸಮಗಾರ ಸಮಾಜದವರು. ಅವರ ತಂದೆ ಮೆಟ್ಟು ಹೊಲಿದು ಮಗನನ್ನು ಓದಿಸಿದವರು. ಪ್ರಸಾದ ನಿಲಯದಲ್ಲಿ ಐದು ವರ್ಷ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡಿದ್ದೆವು. ವಂತಿಗೆಯ ಪಟ್ಟಿಯಲ್ಲಿ ಅವರ ಹೆಸರೂ ಇತ್ತು, ಮೊತ್ತವೂ ನನ್ನದಕ್ಕಿಂತ ಕಡಿಮೆಯಾಗಿರಲಿಲ್ಲ. ಠರಾವು ಓದಿ ಹೇಳಿದಾಗ ಅವರು ಏನೂ ಅನ್ನಲಿಲ್ಲ. ಚಹಾ ಕುಡಿದು, ಎಲ್ಲರಿಗೂ ಶರಣು ಹೇಳಿ ಹೊರಟುಹೋದರು. ಆ ಮೌನದ ಅರ್ಥ ನನಗೆ ಹೊಳೆದದ್ದು ರಾತ್ರಿ ಮನೆ ಮುಟ್ಟಿದ ಮೇಲೆ. ಈ ಲೇಖನ ಆ ರಾತ್ರಿಯಿಂದ ಹುಟ್ಟಿದ್ದು.

ಮೊದಲು ಶೋಭೆಯ ಮಾತನ್ನು ಮುಗಿಸಿಬಿಡೋಣ. ಗುರುವಿನ ಗೌರವ ಆಸನದಿಂದ ಹೆಚ್ಚುವದಿಲ್ಲ, ಕುಂದುವದಿಲ್ಲ. ಇದೇ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮಿಗಳು ಜೇಬಿಲ್ಲದ ಬಿಳಿಯ ಅಂಗಿ ತೊಟ್ಟು ಬದುಕಿದವರು. 2018ರಲ್ಲಿ ತಮಗೆ ಬಂದ ಪದ್ಮಶ್ರೀ ಪ್ರಶಸ್ತಿಯನ್ನೂ ಅವರು ವಿನಯದಿಂದ ಒಲ್ಲೆನೆಂದರು. ಅವರು ಕುಳಿತ ಆಸನ ಯಾವುದೆಂದು ಕೇಳಿದವರನ್ನು ನಾನು ಕಂಡಿಲ್ಲ. ಬಿಸಿಲಿನ ಮಾತಾದರೋ ನೂರಕ್ಕೆ ನೂರು ಸರಿ. ಏಪ್ರಿಲ್-ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ, ನಿಂತ ಗಾಡಿಯ ತೊಗಲಿನ ಆಸನದ ಮೇಲೆ ಕೂಡುವದು ಹೆಂಚಿನ ಮೇಲೆ ಕೂತಂತೆಯೇ. ಆದರೆ ಅದು ಅನುಕೂಲದ ವಿಚಾರ, ಧರ್ಮದ ವಿಚಾರವಲ್ಲ. ಧರ್ಮದ ಹೆಸರಿನಲ್ಲಿ ಬಂದ ಮಾತು ಒಂದೇ, ಮೈಲಿಗೆ. ಅದನ್ನೇ ನಾವು ನಿಂತು ನೋಡಬೇಕಾಗಿದೆ.

ತೊಗಲು ಏಕೆ ಮೈಲಿಗೆಯಾಯಿತು? ಅದು ಸತ್ತ ಪ್ರಾಣಿಯದು ಎಂಬುದು ಒಂದು ಕಾರಣ. ಅದನ್ನು ಮುಟ್ಟುವವರು ಇಂಥ ಜಾತಿಯವರು ಎಂಬುದು ಇನ್ನೊಂದು. ಮೊದಲನೆಯದು ಪ್ರೇತಸೂತಕ, ಎರಡನೆಯದು ಜಾತಿಸೂತಕ. ಲಿಂಗವಂತನಾದವನಿಗೆ ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಐದು ಸೂತಕಗಳೂ ಇಲ್ಲವೆಂಬುದು ನಮ್ಮ ಆಚಾರದ ಮೊದಲ ಪಾಠ. ಪ್ರಸಾದ ನಿಲಯದಲ್ಲಿ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೆವು. ಹೀಗಿರಲು ಲಿಂಗ ಕಟ್ಟಿದ ಮೈಗೆ ತೊಗಲು ಮೈಲಿಗೆಯಾಗುತ್ತದೆಂದರೆ, ಐದರಲ್ಲಿ ಎರಡು ಸೂತಕಗಳನ್ನು ಹಿಂಬಾಗಿಲಿನಿಂದ ಒಳಗೆ ಕರೆದಂತಾಗಲಿಲ್ಲವೆ? ಅಷ್ಟೇ ಅಲ್ಲ. ಲಿಂಗವನ್ನು ನಾವು ಧರಿಸುವದೆಲ್ಲಿ? ಎದೆಯ ಮೇಲೆ. ಎದೆಯ ಮೇಲಿರುವದು ಚರ್ಮವೇ. ಪಂಚಭೂತದ ಈ ದೇಹವೇ ತೊಗಲಿನ ಚೀಲವೆಂದು ಅನುಭಾವಿಗಳು ಎಷ್ಟು ಸಲ ಹೇಳಿಲ್ಲ? ಲಿಂಗವು ಜೀವಂತ ಚರ್ಮದ ಮೇಲೆ ಇರಬಹುದು, ಲಿಂಗಧಾರಿಯು ಸತ್ತ ಚರ್ಮದ ಮೇಲೆ ಕೂಡಬಾರದು ಎಂಬ ವಾದಕ್ಕೆ ನಮ್ಮ ಶಾಸ್ತ್ರದಲ್ಲಿ ಆಧಾರವಿಲ್ಲ.

ಇತರರ ಶಾಸ್ತ್ರದಲ್ಲಿಯೂ ಅದಕ್ಕೆ ಆಧಾರ ದೊರೆಯುವದು ಕಷ್ಟ. ಶಿವನಿಗೆ ಕೃತ್ತಿವಾಸನೆಂಬ ಹೆಸರಿದೆ, ತೊಗಲನ್ನು ಉಟ್ಟವನೆಂದು ಅದರರ್ಥ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಿಯು ಕೂಡುವ ಆಸನಕ್ಕೆ ದರ್ಭೆ, ಜಿಂಕೆಯ ಚರ್ಮ, ಬಟ್ಟೆ ಈ ಮೂರನ್ನೂ ಹೇಳಿದೆ. ತೊಗಲೋ ಬಟ್ಟೆಯೋ ಎಂಬ ನಮ್ಮ ಜಗಳ ಅಲ್ಲಿ ಎರಡನ್ನೂ ಒಂದರ ಮೇಲೊಂದು ಹಾಸಿ ಮುಗಿದಿದೆ! ಹುಲಿಯ ಚರ್ಮದ ಮೇಲೆ ಕುಳಿತ ಗುರುಗಳ ಹಳೆಯ ಭಾವಚಿತ್ರಗಳು ಎಷ್ಟೋ ಮಠಗಳ ಗೋಡೆಗಳ ಮೇಲೆ ಇಂದಿಗೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಥ ಚರ್ಮಗಳನ್ನು ಹೊಸದಾಗಿ ಪಡೆಯುವ ದಾರಿ ಮುಚ್ಚಿತು. ಅದು ಸರಿಯಾಯಿತು. ಆದರೆ ಆ ಚಿತ್ರಗಳನ್ನು ನೋಡಿ ಮೈಲಿಗೆಯೆಂದವರಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಧ್ವಜಗಳ ಮುಂದೆ ಬಾರಿಸುವ ವಾದ್ಯಗಳಿಗೆ ಬಿಗಿದದ್ದು ತೊಗಲು. ಮಠದ ಭಜನೆಯ ತಬಲಕ್ಕೆ ಬಿಗಿದದ್ದು ತೊಗಲು. ನಮ್ಮ ಅಜ್ಜಂದಿರು ನೊಗಕ್ಕೆ ಕಟ್ಟಿದ ಮಿಣಿ, ಕೈಯಲ್ಲಿ ಹಿಡಿದ ಬಾರುಕೋಲು, ಬಾವಿಯಿಂದ ನೀರೆತ್ತುತ್ತಿದ್ದ ಚೀಲ, ಎಲ್ಲವೂ ತೊಗಲೇ. ಆ ನೀರಿನಿಂದ ಬೆಳೆದ ಜೋಳದ ರೊಟ್ಟಿ ದಾಸೋಹಕ್ಕೆ ಬರುತ್ತಿತ್ತು. ಹಾಗಾದರೆ ಮೈಲಿಗೆ ತೊಗಲಿನಲ್ಲಿರಲಿಲ್ಲ. ಅದು ಬೇರೆಲ್ಲಿಯೋ ಇತ್ತು. ವಸ್ತುವನ್ನು ಪಡಸಾಲೆಯ ಒಳಗೆ ತಂದುಕೊಂಡು, ಅದನ್ನು ಹದಮಾಡಿ ಕೊಟ್ಟವನನ್ನು ಅಂಗಳದಲ್ಲಿ ನಿಲ್ಲಿಸಿದೆವು.

ಕಲ್ಯಾಣದಲ್ಲಿ ಹಾಗಿರಲಿಲ್ಲವೆಂಬುದೇ ನಮ್ಮ ಹೆಮ್ಮೆ. ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ಬಸವಣ್ಣನವರು ತಮ್ಮ ಬಂಧುಗಳೆಂದು, ಹಿರಿಯರೆಂದು ಕರೆದುಕೊಂಡರು. ಚೆನ್ನಯ್ಯನವರು ತಮ್ಮ ವಚನಗಳ ಅಂಕಿತದಲ್ಲಿಯೇ ಉಳಿ-ಕತ್ತಿಗಳ ಹೆಸರನ್ನು ಇಟ್ಟುಕೊಂಡರು. ಅಂಕಿತವೆಂದರೆ ಇಷ್ಟದೈವವನ್ನು ಕರೆಯುವ ಹೆಸರು. ಅದರೊಳಗೆ ಚಮ್ಮಾರಿಕೆಯ ಸಾಮಾನು ಸೇರಿತು. ಮಾದಾರ ಧೂಳಯ್ಯನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಟ್ಟೆ ಚುಚ್ಚುವ ಉಳಿಯ ತುದಿಯಲ್ಲಿ ಪ್ರತ್ಯಕ್ಷನಾದ ಪರಮೇಶ್ವರನನ್ನು, ಇಲ್ಲಿಗೇಕೆ ಬಂದೆಯೆಂಬಂತೆ ಮಾತನಾಡಿಸಿ ಕಳಿಸಿದ್ದನ್ನು ವಚನದಲ್ಲಿ ಹೇಳಿದ್ದಾರೆ. ಕಕ್ಕಯ್ಯನವರ ಸಮಾಧಿ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿದೆ. ಈ ಹೆಸರುಗಳು ನಮ್ಮ ಮನೆಗಳಿಗೆ ಬಂದದ್ದಾದರೂ ಹೇಗೆ? ಇದೇ ಊರಿನಲ್ಲಿ ವಕೀಲಿ ಮಾಡುತ್ತ ತಾಡೋಲೆಗಳನ್ನು ಹುಡುಕಿ ಕೂಡಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದದ್ದರಿಂದ, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದ್ದರಿಂದ. ಅವರ ಊರಿನಲ್ಲಿ ಕುಳಿತು ನಾನು ಆ ಠರಾವನ್ನು ಬರೆದೆನೆಂಬುದು ನನಗೆ ಇನ್ನೂ ಚುಚ್ಚುತ್ತದೆ.

ಈಗ ಹರಳಯ್ಯನವರ ಕಥೆಗೆ ಬರೋಣ. ವಾಚಕರೆಲ್ಲರಿಗೂ ತಿಳಿದ ಕಥೆ. ಸಮಗಾರ ಹರಳಯ್ಯನವರು ದಾರಿಯಲ್ಲಿ ಬಸವಣ್ಣನವರಿಗೆ ಶರಣು ಎಂದರು. ಬಸವಣ್ಣನವರು ಮರಳಿ ಎರಡು ಸಲ ಶರಣೆಂದರು. ಆ ಹೆಚ್ಚಿನ ಶರಣಿನ ಋಣವನ್ನು ತೀರಿಸುವದು ಹೇಗೆಂದು ಬಳಲಿ, ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತಮ್ಮ ತೊಡೆಯ ಚರ್ಮವನ್ನು ತೆಗೆದು ಹದಮಾಡಿ ಪಾದರಕ್ಷೆಗಳನ್ನು ಹೊಲಿದು ತಂದರು. ಬಸವಣ್ಣನವರು ಅವುಗಳನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತುಕೊಂಡರು. ಮುಂದೆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಗಿ, ಬಿಜ್ಜಳನ ಆಜ್ಞೆಯಿಂದ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾದದ್ದನ್ನೂ ಪರಂಪರೆ ಹೇಳುತ್ತದೆ.

ಈ ಕಥೆಯನ್ನು ನಾವು ಪುರಾಣ ಪ್ರವಚನಗಳಲ್ಲಿ ಭಕ್ತಿಯ ಪರಾಕಾಷ್ಠೆಯೆಂದು ಕೇಳಿ ಕಣ್ಣೀರು ತಂದುಕೊಳ್ಳುತ್ತೇವೆ. ಆದರೆ ಬಸವಣ್ಣನವರು ಮಾಡಿದ ಕ್ರಿಯೆಯನ್ನು ನಿಧಾನವಾಗಿ ವಿಚಾರಿಸಿದವರು ಕಡಿಮೆ. ಅವರು ಆ ಪಾದರಕ್ಷೆಗಳನ್ನು ಬಳಸಲು ಒಪ್ಪಲಿಲ್ಲ. ಹಾಗೆಂದು ಅವುಗಳಿಗೆ ಅಸಹ್ಯಪಡಲೂ ಇಲ್ಲ. ತೊಗಲು ಮೈಲಿಗೆಯೆಂದಿದ್ದರೆ ತಲೆಗೆ ಏರಿಸುತ್ತಿರಲಿಲ್ಲ. ಅದು ಬರೀ ಒಂದು ಸಾಮಾನು ಎಂದಿದ್ದರೆ ಕಾಲಿಗೆ ಮೆಟ್ಟುತ್ತಿದ್ದರು. ಆ ಚರ್ಮದ ಹಿಂದೆ ನೊಂದ ಮೈಯೊಂದು ಇದೆಯೆಂದು ಅವರಿಗೆ ಕಂಡಿತು. ಆದ್ದರಿಂದ ಮೆಟ್ಟಲಾರದೆ ಹೋದರು. ಒಂದು ವಸ್ತುವನ್ನು ಬೇಡವೆನ್ನುವದರಲ್ಲಿ ಎರಡು ಬಗೆಗಳಿವೆ. ಹೇಸಿ ಬೇಡವೆನ್ನುವದು ಒಂದು, ನೊಂದು ಬೇಡವೆನ್ನುವದು ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆಸನ ಎರಡರಲ್ಲಿಯೂ ಬಟ್ಟೆಯದೇ ಆಗುತ್ತದೆ. ಆದರೆ ಮೊದಲನೆಯದು ಮೂಲೆಯಲ್ಲಿ ಕುಳಿತ ಮಾಸ್ತರರ ಮೇಲೆ ಹೋಗಿ ಬೀಳುತ್ತದೆ, ಎರಡನೆಯದು ಯಾರ ಮೇಲೆಯೂ ಬೀಳುವದಿಲ್ಲ.

ಇನ್ನು ಆ ಎರಡನೆಯ ಬಗೆಯನ್ನಾದರೂ ನಾವು ಪ್ರಾಮಾಣಿಕವಾಗಿ ಹೇಳಬಲ್ಲೆವೆ? ಅಲ್ಲಿಯೂ ತೊಡಕುಗಳಿವೆ, ಅವುಗಳನ್ನು ಮುಚ್ಚಿಡಬಾರದು.

ಒಂದು ಸಾಧಾರಣ ಗಾತ್ರದ ಗಾಡಿಯ ಒಳಭಾಗಕ್ಕೆಲ್ಲ ನಿಜವಾದ ತೊಗಲು ಹೊದಿಸಬೇಕಾದರೆ ಮೂರು-ನಾಲ್ಕು ದನಗಳ ಚರ್ಮವಾದರೂ ಬೇಕು. ಅದು ನಮ್ಮ ಹಳ್ಳಿಯ ಹಕ್ಕಿಯಲ್ಲಿ ಮುಪ್ಪಾಗಿ ಸತ್ತ ಎತ್ತಿನದಲ್ಲ. ನೊಗದ ಗಾಯ, ಮುಳ್ಳಿನ ಗೀರು, ಉಣ್ಣೆಹುಳದ ಕಲೆ ಇದ್ದ ಚರ್ಮ ಕಾರಿನ ಆಸನಕ್ಕೆ ಸಲ್ಲುವದಿಲ್ಲ. ಕಲೆಯಿಲ್ಲದ ದೊಡ್ಡ ಹಾಳೆಗಳೇ ಬೇಕು. ಅಂಥವು ಮಾಂಸಕ್ಕಾಗಿಯೇ ಸಾಕಿದ ದನಗಳಿಂದ ಬಹುಮಟ್ಟಿಗೆ ಬರುತ್ತವೆ. ದನವನ್ನು ಮಾಂಸಕ್ಕಾಗಿ ಕೊಲ್ಲುತ್ತಾರೆ, ತೊಗಲು ಹೇಗೂ ಉಳಿಯುತ್ತದೆ, ಅದನ್ನು ಬಳಸಿದರೆ ಪಾಪವೇನು ಎಂಬ ವಾದ ಉಂಟು. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಕೊಂದವನಿಗೆ ತೊಗಲಿನಿಂದಲೂ ನಾಲ್ಕು ಕಾಸು ಬರುತ್ತದೆ, ಆ ಕಾಸು ನಮ್ಮದಾಗಿರುತ್ತದೆ. ಮಾಂಸ ಮುಟ್ಟದವನು ಅದರ ಲೆಕ್ಕದಲ್ಲಿ ಪಾಲುದಾರನಾಗುವದು ಅಷ್ಟು ಸಮಂಜಸವಾಗಿ ತೋರುವದಿಲ್ಲ. ಹೊರದೇಶದ ಕಂಪನಿಗಳಲ್ಲಿಯೂ ಈ ವಿಚಾರ ಎದ್ದಿದೆ. ವೋಲ್ವೋ ಕಂಪನಿ ತನ್ನ ವಿದ್ಯುತ್ ಕಾರುಗಳಲ್ಲೆಲ್ಲ ತೊಗಲನ್ನು ಬಿಡುವದಾಗಿ 2021ರಲ್ಲಿ ಸಾರಿತು.

ಪ್ರಾಣಿಯ ನೋವಿನ ಜೊತೆಗೆ ಮನುಷ್ಯನ ನೋವೂ ಇದೆ. ಹಿಂದೆ ನಮ್ಮಲ್ಲಿ ಸುಣ್ಣದ ನೀರಿನಲ್ಲಿ ಕೂದಲು ಕಳೆದು, ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ತಿಂಗಳುಗಟ್ಟಲೆ ತೊಗಲನ್ನು ಹದಮಾಡುತ್ತಿದ್ದರು. ಈಗ ಜಗತ್ತಿನ ಬಹುಪಾಲು ತೊಗಲು ಕ್ರೋಮಿಯಂ ಲವಣಗಳಿಂದ ಕೆಲವೇ ದಿನಗಳಲ್ಲಿ ಹದವಾಗುತ್ತದೆ. ತಮಿಳುನಾಡಿನ ಪಾಲಾರ್ ನದಿಯ ದಂಡೆಯ ಊರುಗಳಲ್ಲಿ ತೊಗಲಿನ ಕಾರಖಾನೆಗಳ ಕೊಳೆನೀರಿನಿಂದ ಬಾವಿಗಳೂ ಹೊಲಗಳೂ ಕೆಟ್ಟುಹೋಗಿ, ಜನ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಕೆಡಿಸಿದವರೇ ದಂಡ ತೆರತಕ್ಕದ್ದೆಂದು 1996ರಲ್ಲಿ ತೀರ್ಪಾಯಿತು.

ಹಾಗಾದರೆ ಬಟ್ಟೆ ನಿಷ್ಪಾಪವೆ? ಬಟ್ಟೆಯೆಂದೊಡನೆ ನಮ್ಮ ಕಣ್ಣಿಗೆ ಜೇಡರ ದಾಸಿಮಯ್ಯನವರ ಮಗ್ಗ ಬರುತ್ತದೆ. ಗಾಡಿಯ ಆಸನದ ಬಟ್ಟೆ ಆ ಮಗ್ಗದ್ದಲ್ಲ. ಅದು ಬಹುಶಃ ಪಾಲಿಯೆಸ್ಟರ್, ಕಲ್ಲೆಣ್ಣೆಯ ಕೂಸು. ರೆಕ್ಸಿನ್ ಎಂದು ನಾವು ಕರೆಯುವ ಹುಸಿದೊಗಲೂ ಹಾಗೆಯೇ, ಅದಂತೂ ಕೊಳೆಯದು, ಸುಟ್ಟರೆ ವಿಷದ ಹೊಗೆ. ಇಷ್ಟೇ ಏಕೆ, ಗಾಡಿಯ ಗಾಲಿಯ ರಬ್ಬರಿನಲ್ಲಿ ಬೆರೆಸುವ ಸ್ಟಿಯರಿಕ್ ಆಮ್ಲವನ್ನು ಪ್ರಾಣಿಯ ಕೊಬ್ಬಿನಿಂದಲೂ ತಯಾರಿಸುತ್ತಾರೆ. ಆಸನದ ತೊಗಲನ್ನು ಕಿತ್ತೊಗೆದು ಮಡಿಯಾದೆನೆಂದುಕೊಂಡವನು ನಾಲ್ಕು ಗಾಲಿಗಳ ಮೇಲೆ ಉರುಳುತ್ತಿರುತ್ತಾನೆ. ದಾಸೋಹದ ಹಾಲು ತುಪ್ಪಗಳ ಹಿಂದೆಯೂ ಹೋರಿಗರುವಿನ ಪ್ರಶ್ನೆಯಿದೆ, ಹಾಲು ಬತ್ತಿದ ಆಕಳ ಪ್ರಶ್ನೆಯಿದೆ. ನಮ್ಮಲ್ಲಿ ಎಷ್ಟು ಜನ ಮುದಿ ಎತ್ತನ್ನು ಸಾಯುವತನಕ ಕಟ್ಟಿ ಮೇಯಿಸಿದ್ದೇವೆ? ಗೋಹತ್ಯೆಯನ್ನು ತಡೆಯುವ ಕರ್ನಾಟಕದ 2020ರ ಕಾಯ್ದೆ 2021ರಲ್ಲಿ ಜಾರಿಗೆ ಬಂದಿತು. ಆದರೆ ಮುದಿ ಎತ್ತಿನ ಮೇವಿನ ಖರ್ಚು ಯಾರದೆಂಬ ಪ್ರಶ್ನೆ ರೈತನ ಹಕ್ಕಿಯಲ್ಲಿಯೇ ಉಳಿಯಿತು. ದಯೆಯ ಮಾತಾಡುವವನು ಇಷ್ಟನ್ನೆಲ್ಲ ತಲೆತಗ್ಗಿಸಿ ಒಪ್ಪಿಕೊಂಡೇ ಮಾತಾಡಬೇಕು. ಮೈಲಿಗೆಯ ಮಾತಿಗೆ ಈ ತೊಂದರೆಯಿಲ್ಲ. ಅಲ್ಲಿ ಒಂದು ಗೆರೆ ಎಳೆದು ಇತ್ತ ಮಡಿ, ಅತ್ತ ಮೈಲಿಗೆ ಎಂದರೆ ತೀರಿತು. ದಯೆಗೆ ಗೆರೆಯಿಲ್ಲ. ಇಂದು ಇಷ್ಟು ಸಾಧ್ಯ, ನಾಳೆ ಇನ್ನಷ್ಟು ಸಾಧ್ಯವಾಗಲಿ ಎಂದು ನಡೆಯಬೇಕಾಗುತ್ತದೆ. ಬಹುಶಃ ಅದಕ್ಕಾಗಿಯೇ ನಮ್ಮ ಸಭೆಗೆ ಮೈಲಿಗೆಯ ಮಾತು ಅಷ್ಟು ಬೇಗ ಒಪ್ಪಿಗೆಯಾಯಿತು.

ಇಲ್ಲಿ ಗಾಂಧೀಜಿಯವರು ಹಿಡಿದ ದಾರಿಯನ್ನು ಸ್ಮರಿಸುವದು ಅವಶ್ಯ. ದಕ್ಷಿಣ ಆಫ್ರಿಕೆಯ ಟಾಲ್‌ಸ್ಟಾಯ್ ಫಾರ್ಮಿನಲ್ಲಿಯೇ ಅವರು ಚಪ್ಪಲಿ ಹೊಲಿಯುವದನ್ನು ಕಲಿತಿದ್ದರು. ತಮ್ಮನ್ನು ಸೆರೆಮನೆಗೆ ಕಳಿಸಿದ ಜನರಲ್ ಸ್ಮಟ್ಸ್‌ರಿಗೆ ಒಂದು ಜೋಡು ಚಪ್ಪಲಿಗಳನ್ನು ಕಾಣಿಕೆಯಾಗಿ ಕೊಟ್ಟು 1914ರಲ್ಲಿ ಆ ದೇಶವನ್ನು ಬಿಟ್ಟರು. ಮುಂದೆ ಸಾಬರಮತಿಯ ಆಶ್ರಮದಲ್ಲಿ ತೊಗಲು ಹದಮಾಡುವ ಶಾಲೆಯನ್ನೇ ತೆರೆದರು. ಕೊಂದ ದನದ ತೊಗಲು ಬೇಡ, ತಾನಾಗಿ ಸತ್ತ ದನದ ತೊಗಲನ್ನು ವ್ಯರ್ಥ ಮಾಡಬೇಡ ಎಂಬುದು ಅವರ ಸಿದ್ಧಾಂತ. ಗೋರಕ್ಷಣೆಯ ಮಾತಾಡುವವರು ಸತ್ತ ದನದ ತೊಗಲಿನ ಉದ್ಯೋಗವನ್ನೂ ಕಲಿಯಬೇಕೆಂದು ಅವರು ಒತ್ತಿ ಹೇಳುತ್ತಿದ್ದರು. ಅಹಿಂಸೆಯೂ ಉಳಿಯಿತು, ಉದ್ಯೋಗವೂ ಉಳಿಯಿತು. ಕೇಳಲಿಕ್ಕೆ ಎಷ್ಟು ಚೆನ್ನಾದ ಪರಿಹಾರ!

ಆದರೆ ಸತ್ತ ದನವನ್ನು ಎಳೆಯುವವರು ಯಾರು? ಗಾಂಧೀಜಿಯವರು ಎಲ್ಲರೂ ಆ ಕೆಲಸ ಕಲಿಯಲೆಂದರು. ಎಲ್ಲರೂ ಕಲಿಯಲಿಲ್ಲ. ಊರಿನಲ್ಲಿ ಯಾರು ಎಳೆಯುತ್ತಿದ್ದರೋ ಅವರೇ ಎಳೆಯುತ್ತಿದ್ದರು. ಡಾ. ಅಂಬೇಡ್ಕರರು ಈ ಗಂಟನ್ನು ಇನ್ನೊಂದು ಕಡೆಯಿಂದ ಹಿಡಿದರು. 1927ರಲ್ಲಿ ಮಹಾಡದಲ್ಲಿ ಕೆರೆಯ ನೀರಿನ ಹಕ್ಕಿಗಾಗಿ ಸೇರಿದ ಜನಕ್ಕೆ, ಸತ್ತ ದನದ ಮಾಂಸವನ್ನು ಬಿಡಿರೆಂದು ಅವರು ಹೇಳಿದರು. ದನ ಎಳೆಯುವ ಕೆಲಸವನ್ನೂ ಬಿಡಿರೆಂದು ಮತ್ತೆ ಮತ್ತೆ ಸಾರಿದರು. ಪ್ರಾಣಿಗೆ ಅಹಿಂಸೆಯಾದ ತೊಗಲು ಮನುಷ್ಯನಿಗೆ ಅಹಿಂಸೆಯಾಗಿರಲಿಲ್ಲವೆಂದು ಅವರು ಕಂಡಿದ್ದರು. ಅಸ್ಪೃಶ್ಯತೆಯ ಕಾರಣದಿಂದ ಒಬ್ಬನನ್ನು ಸತ್ತ ಪ್ರಾಣಿಯನ್ನು ಸಾಗಿಸುವಂತೆ ಅಥವಾ ಸುಲಿಯುವಂತೆ ಬಲಾತ್ಕರಿಸುವದು ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ ಪ್ರಕಾರ ಇಂದು ಅಪರಾಧ. ಆದರೂ 2016ರ ಜುಲೈ ತಿಂಗಳಿನಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ಆಕಳ ತೊಗಲು ಸುಲಿಯುತ್ತಿದ್ದವರನ್ನೇ ಹಿಡಿದು ಹಾಡುಹಗಲಿನಲ್ಲಿ ಥಳಿಸಿದರು. ಆ ಕೆಲಸ ನಿನ್ನದೇ ಎಂದವರೂ ನಾವೇ, ಮಾಡಿದರೆ ಹೊಡೆದವರೂ ನಾವೇ. ಅವರು ಗುಜರಾತಿನವರು, ನಾವಲ್ಲ ಎಂದು ಹೇಳಿ ಪಾರಾಗುವಷ್ಟು ನಿರಾಳ ನನಗಿಲ್ಲ. ನಾನು ಹೊಡೆಯಲಿಲ್ಲ, ಠರಾವು ಬರೆದೆ.

ತೊಗಲನ್ನು ಬೇಡವೆಂದರೆ ತೊಗಲಿನ ಕಾಯಕದವರ ಹೊಟ್ಟೆಯ ಮೇಲೆ ಹೊಡೆದಂತಾಗದೆ ಎಂಬ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ನಮ್ಮ ಭಾಗದಲ್ಲಿ ಈ ಕಾಯಕ ಸಣ್ಣದಲ್ಲ. ಕೊಲ್ಹಾಪುರಿಯೆಂದು ಹೆಸರಾದ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿ, ನಿಪ್ಪಾಣಿಗಳ ಕಡೆ ಗಂಡ ಅಟ್ಟೆ ಕೊರೆದರೆ ಹೆಂಡತಿ ಜಡೆ ಹೆಣೆಯುತ್ತಾಳೆ. ಮೊಳೆ ಹೊಡೆಯದೆ ತೊಗಲಿನ ದಾರದಿಂದಲೇ ಹೊಲಿದದ್ದು ಅದರ ಹೆಚ್ಚುಗಾರಿಕೆ. ಇಟಲಿಯ ಪ್ರಾಡಾ ಕಂಪನಿ 2025ರ ಜೂನಿನಲ್ಲಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿಗಳನ್ನು ಮೂಲದ ಹೆಸರು ಹೇಳದೆ ತೋರಿಸಿತು. ನಾಡಿನಲ್ಲೆಲ್ಲ ಆಕ್ಷೇಪಣೆ ಎದ್ದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡಿತು. ಹೆಸರನ್ನು ಮರೆಮಾಡಿ ವಸ್ತುವನ್ನು ಇಟ್ಟುಕೊಳ್ಳುವ ಈ ವಿದ್ಯೆ ಮಿಲಾನಿನವರಿಗೆ ಮಾತ್ರ ಗೊತ್ತಿದ್ದದ್ದಲ್ಲ.

ಆದರೆ ಗಾಡಿಯ ಆಸನದ ತೊಗಲು ಅಥಣಿಯ ದಂಪತಿಗಳ ಕೈಯಿಂದ ಬರುವದಲ್ಲ. ಜೋರಾಪುರ ಪೇಟೆಯ ಬದಿಯಲ್ಲಿ ಕುಳಿತು ಹರಿದ ಮೆಟ್ಟು ಹೊಲಿಯುವವರ ಕೈಯಿಂದ ಬರುವದಂತೂ ಅಲ್ಲವೇ ಅಲ್ಲ. ಅದು ದೊಡ್ಡ ಕಾರಖಾನೆಗಳ ಸರಕು. ನಾವು ಬಟ್ಟೆಯ ಆಸನವನ್ನು ಆರಿಸಿದರೆ ಅವರ ಒಂದು ಪೈಸೆಯ ದುಡಿಮೆಯೂ ಕುಂದುವದಿಲ್ಲ. ನಮ್ಮ ಆಯ್ಕೆ ಅವರಿಗೆ ಹಾನಿ ಮಾಡಲಾರದು, ನಮ್ಮ ಕಾರಣ ಮಾಡಬಲ್ಲದು. ಮಠದ ದಫ್ತರಿನಲ್ಲಿ ತೊಗಲು ಮೈಲಿಗೆಯೆಂದು ಬರೆದಿಟ್ಟರೆ, ನಾಳೆ ಅವರ ಮೊಮ್ಮಗ ಪ್ರಸಾದ ನಿಲಯಕ್ಕೆ ಸೇರಲು ಬಂದಾಗ ಅದನ್ನು ಓದಬಹುದು.

ನಾನು ಮುಂದಿನ ವಾರ ಆ ಮಾಸ್ತರರ ಮನೆಗೆ ಹೋದೆನು. ಹೇಗೆ ಮಾತು ತೆಗೆಯಬೇಕೆಂದು ತಿಳಿಯದೆ, ಠರಾವನ್ನು ಬದಲಿಸಬೇಕೆಂದಿದ್ದೇನೆ, ಬೇಕಾದರೆ ತೊಗಲಿನ ಆಸನವನ್ನೇ ಹಾಕಿಸೋಣ ಎಂದೆ. ಅವರು ನಕ್ಕರು.

"ನನ್ನ ಸಲುವಾಗಿ ತೊಗಲು ಹಾಕಸ್ತೀ ಏನು? ನಾ ಹಾಕ್ರಿ ಅಂತ ಯಾವಾಗ ಅಂದೆ? ನಮ್ಮಪ್ಪ ತೊಗಲಿನಾಗ ಕೈ ಕೊಳಸಿಕೊಂಡು ಸತ್ತ. ಆ ವಾಸನಿ ನನಗ ಇನ್ನೂ ಮೂಗಿನಾಗ ಐತಿ. ಬಟ್ಟೀನ ಹಾಕ್ರಿ. ಆದ್ರ ಪುಸ್ತಕದಾಗ ಯಾಕ ಅಂತ ಬರೀತೀ, ಅದನ್ನ ಮದಲ ಹೇಳು."

ಅವರ ತಂದೆಯವರ ವಿಷಯ ಬಂದದ್ದರಿಂದ ಮಾತು ಬಹಳ ಹೊತ್ತು ಅತ್ತಲೇ ನಡೆಯಿತು. ಅವರ ತಂದೆ ದಿನಾಲು ಸಂಜೆ ಕೈ ತೊಳೆದು ವಿಭೂತಿ ಧರಿಸಿ ಲಿಂಗಪೂಜೆ ಮಾಡಿಕೊಂಡ ಮೇಲೆಯೇ ಊಟಕ್ಕೆ ಕೂಡುತ್ತಿದ್ದರಂತೆ. ಹೊಲಿದ ಹೊಸ ಮೆಟ್ಟನ್ನು ಗಿರಾಕಿಯ ಕೈಗೆ ಕೊಡುವ ಮುನ್ನ ಒಂದು ಸಲ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರಂತೆ. ಗಿರಾಕಿಗಳಾದರೋ ದುಡ್ಡನ್ನು ಮೇಲಿನಿಂದ ಒಗೆಯುತ್ತಿದ್ದರು. ಇದನ್ನು ಮಾಸ್ತರರು ಸಿಟ್ಟಿನಿಂದ ಹೇಳಲಿಲ್ಲ.

ಎರಡನೆಯ ಸಭೆಯಲ್ಲಿ ನಾನು ನನ್ನ ತಪ್ಪನ್ನು ಹೇಳಿ ಠರಾವಿನ ತಿದ್ದುಪಡಿಯನ್ನು ಮುಂದಿಟ್ಟೆನು. ಇಷ್ಟು ಸಣ್ಣ ಮಾತನ್ನು ಇಷ್ಟು ಎಳೆಯಬೇಕೆ ಎಂದು ಒಬ್ಬಿಬ್ಬರು ಗೊಣಗಿದರು. ಮೈಲಿಗೆಯ ಮಾತು ಎತ್ತಿದ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ನಾ ಅವರನ್ನ ನೋಡಿ ಅಂದದ್ದಲ್ಲ ತಮ್ಮಾ" ಎಂದರು. ನೋಡಿ ಅಂದದ್ದಲ್ಲವೆಂಬುದು ನಿಜವೇ. ಅವರು ಅಲ್ಲಿದ್ದಾರೆಂಬುದು ನಮ್ಮಲ್ಲಿ ಯಾರ ನೆನಪಿಗೂ ಬಂದಿರಲಿಲ್ಲ. ಕೊನೆಗೆ ಹಳೆಯ ಸಾಲನ್ನು ಹೊಡೆದು, "ಪ್ರಾಣಿಹಿಂಸೆಯಲ್ಲಿ ಪಾಲುಗೊಳ್ಳದಿರುವ ಅಪೇಕ್ಷೆಯಿಂದಲೂ ಬಿಸಿಲಿನ ಹಾಗೂ ಖರ್ಚಿನ ಕಾರಣದಿಂದಲೂ ಬಟ್ಟೆಯ ಆಸನವುಳ್ಳ ವಾಹನವನ್ನು ಕೊಳ್ಳತಕ್ಕದ್ದು" ಎಂದು ಬರೆದು ಎಲ್ಲರೂ ಸಹಿ ಮಾಡಿದೆವು. ಹಿರಿಯರೂ ಮಾಡಿದರು.

ಸಹಿಗಳೆಲ್ಲ ಆದಮೇಲೆ ಬಣ್ಣದ ಮಾತು ಬಂದಿತು. ಬಿಳಿಯ ಬಟ್ಟೆ ಇರಲೆಂದು ಬಹಳ ಜನರ ಅಭಿಪ್ರಾಯ. ಮಾಸ್ತರರು ಮಾತ್ರ, "ಬಿಳೀದು ಬ್ಯಾಡ್ರಿ. ತಿಕೋಟಾ, ಬಬಲೇಶ್ವರ ಹಾದೀ ಧೂಳಿಗೆ ಎಂಟು ದಿನ ತಾಳೂದಿಲ್ಲ. ಮಣ್ಣಿನ ಬಣ್ಣದ್ದು ತೊಗೊಳ್ರಿ" ಎಂದರು. ಹಾಗೆಯೇ ಆಯಿತು.